ಸತ್ಯವ್ವನ ಎಡಗಣ್ಣು

ಹುಬ್ಬಳ್ಳಿಯ ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಕುಬೇರಪ್ಪನ ಖಾನಾವಳಿ ಇತ್ತು. ಅರಳೆ ವ್ಯಾಪಾರಕ್ಕೆ ಬಂದ ದಲಾಲರು, ರೇಲ್ವೆ ವರ್ಕ್‌ಶಾಪಿನ ಒಂಟಿ ಗಂಡಸರು, ಕೋರ್ಟಿನ ಕೆಲಸಕ್ಕೆಂದು ಹಳ್ಳಿಯಿಂದ ಬಂದು ಹೊತ್ತು ಹೋಗದೆ ಕುಂತವರು, ಎಲ್ಲರೂ ಅಲ್ಲೇ ಉಣ್ಣುತ್ತಿದ್ದರು. ಪಲ್ಯ ಒಂದೊಂದು ದಿನ ಉಪ್ಪಾಗುತ್ತಿತ್ತು, ಮಜ್ಜಿಗೆ ನೀರಾಗುತ್ತಿತ್ತು, ಆದರೂ ಜನ ಬರುವುದು ತಪ್ಪುತ್ತಿರಲಿಲ್ಲ. ಅವರು ಬರುತ್ತಿದ್ದದ್ದು ರೊಟ್ಟಿಗೆ. ಆ ರೊಟ್ಟಿ ಬಡಿಯುತ್ತಿದ್ದವಳು ಸತ್ಯವ್ವ, ಹುಟ್ಟುಗುರುಡಿ.

ಹುಟ್ಟುವಾಗಲೇ ಅವಳ ಎರಡೂ ಕಣ್ಣಿನಲ್ಲಿ ಹಾಲಿನಂಥ ಪರೆ ಇತ್ತು. ಹಗಲು ಯಾವುದು, ಕತ್ತಲೆ ಯಾವುದು ಎನ್ನುವಷ್ಟು ತಿಳಿಯುತ್ತಿತ್ತು. ಅದಕ್ಕಿಂತ ಹೆಚ್ಚಿಗೆ ಏನೂ ಇಲ್ಲ. ಅದರ ಬಗ್ಗೆ ಅವಳು ಅಳುತ್ತ ಕುಂತವಳೂ ಅಲ್ಲ. ಇಲ್ಲದ್ದನ್ನು ಕಂಡೇ ಇಲ್ಲವೆಂದ ಮೇಲೆ ಕಳಕೊಂಡೆ ಅನ್ನುವುದಾದರೂ ಏನನ್ನು? ಹಿಟ್ಟಿಗೆ ಬಿಸಿನೀರು ಸುರಿದು ನಾದುವಾಗ ಅವಳ ಅಂಗೈಗೆ ಗೊತ್ತಾಗುತ್ತಿತ್ತು, ಈ ಜೋಳ ಹೊಸದೋ ಹಳೆಯದೋ ಅಂತ. ಹಂಚಿನ ಮೇಲೆ ರೊಟ್ಟಿ ಹಾಕಿ ಒದ್ದೆ ಅರಿವೆಯಿಂದ ನೀರು ಸವರಿದಾಗ ಬರುವ ಸಪ್ಪಳ ಕೇಳಿಯೇ ಮಗುಚುತ್ತಿದ್ದಳು. ಗಿರಾಕಿಗಳನ್ನು ಕೆಮ್ಮಿನಿಂದ, ಚಪ್ಪಲಿ ಎಳೆಯುವ ರೀತಿಯಿಂದ ಗುರುತು ಹಿಡಿದು, "ಬರ್ರಿ ಕಾಕಾ, ಇವತ್ತ ತಡಾ ಆತಲ್ಲ" ಅಂತ ಒಳಗಿನಿಂದಲೇ ಅನ್ನುತ್ತಿದ್ದಳು. ಹೊಸಬರು ಬೆರಗಾಗುತ್ತಿದ್ದರು. ಕುಬೇರಪ್ಪ ರೊಕ್ಕದ ಗಲ್ಲೆಯ ಮೇಲೆ ಕುಂತು ಮೀಸೆ ತಿರುವುತ್ತಿದ್ದ.

ಅವಳ ಅಣ್ಣ ಮುರುಗೆಪ್ಪ ವರ್ಕ್‌ಶಾಪಿನಲ್ಲಿ ಫಿಟ್ಟರ್. ತಂಗಿ, ಹೆಂಡತಿ ಶಿವಲಿಂಗವ್ವ ಮತ್ತು ಅವನು, ಮೂವರೂ ಅದೇ ಓಣಿಯ ಎರಡು ಖೋಲಿಯ ಮನೆಯಲ್ಲಿದ್ದರು. ಮುರುಗೆಪ್ಪನಿಗೆ ಒಂದು ನಂಬಿಕೆ ಇತ್ತು: ಕೆಟ್ಟದ್ದು ಯಾವುದೇ ಇರಲಿ, ಬಿಚ್ಚಿ ನೋಡಿದರೆ ರಿಪೇರಿ ಆಗದೇ ಇರುವುದಿಲ್ಲ. ಇಂಜಿನ್ನಿನಿಂದ ಹಿಡಿದು ಮನೆಯ ಬೀಗದವರೆಗೆ ಅವನು ಹಾಗೇ ಬಾಳಿದ್ದ. ತಂಗಿಯ ಕಣ್ಣೊಂದೇ ಅವನ ಕೈಗೆ ಬಗ್ಗದೆ ಉಳಿದಿತ್ತು.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಸ್ಟೇಷನ್ ಕಡೆಯ ಧರ್ಮಾರ್ಥ ದವಾಖಾನೆಗೆ ನಿಜಾಮುದ್ದೀನ ಎನ್ನುವ ಕಣ್ಣಿನ ಡಾಕ್ಟರು ಬಂದರು. ವಯಸ್ಸು ಸಣ್ಣದು, ಕೈ ಚುರುಕು, ಮಾತು ಕಡಿಮೆ. ಮುರುಗೆಪ್ಪ ತಂಗಿಯನ್ನು ಕರಕೊಂಡು ಹೋದ. ಡಾಕ್ಟರು ಅವಳ ಕಣ್ಣಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು.

"ಪರದಾ ಬಿದ್ದೈತಿ, ಅಷ್ಟ. ಹಿಂದಿನ ಕಣ್ಣು ಜೀವಂತ ಐತಿ. ಪರದಾ ತಗದ್ರ ಕಾಣಬೇಕು," ಅಂದರು. "ಮೊದಲ ಬಲಗಣ್ಣು ಮಾಡೋಣು. ಅದು ಛಲೋ ಆದ್ರ ಮುಂದಿನ ವರ್ಷ ಎಡಗಣ್ಣು."

ಸತ್ಯವ್ವ ಅಣ್ಣನ ಕೈ ಹಿಡಿದು ಹೊರಗೆ ಬಂದಳು. ದಾರಿಯಲ್ಲಿ ಅಣ್ಣ ಅಳುತ್ತಿದ್ದಾನೆ ಅಂತ ಅವನ ಉಸಿರಿನಿಂದ ಅವಳಿಗೆ ಗೊತ್ತಾಯಿತು. ಅದಕ್ಕೆ ಒಪ್ಪಿಕೊಂಡಳು.

ಆಪರೇಷನ್ ಆಗಿ, ಕಟ್ಟು ಬಿಚ್ಚುವ ದಿನ ಬಂತು. ಕುಬೇರಪ್ಪ ಖಾನಾವಳಿ ಬಂದ್ ಮಾಡಿ ಪೇಢೆ ಹಿಡಿದು ಬಂದಿದ್ದ. ಡಾಕ್ಟರು ಅರಿವೆ ತೆಗೆದು, ದಪ್ಪ ಗಾಜಿನ ಚಾಳೀಸು ಅವಳ ಮೂಗಿನ ಮೇಲಿಟ್ಟು, "ಹೇಳ್ರಿ ಸತ್ಯವ್ವ, ಏನು ಕಾಣತೈತಿ?" ಅಂದರು.

ಅವಳ ಮುಂದೆ ಏನೋ ಇತ್ತು. ಬೆಳ್ಳಗಿನದು, ಕಂದು ಬಣ್ಣದ್ದು, ಅದರೊಳಗೆ ಇನ್ನೊಂದು ಅಲುಗಾಡುವುದು, ಒಂದಕ್ಕೊಂದು ಅಂಟಿಕೊಂಡು. ಎಲ್ಲಿ ಶುರು, ಎಲ್ಲಿ ಮುಗಿಯಿತು ತಿಳಿಯದು. ಬಣ್ಣಕ್ಕೆ ಬಣ್ಣ ಅಂತ ಹೆಸರಿದೆ ಅನ್ನುವುದೂ ಅವಳಿಗೆ ಆಗ ನೆನಪಿಗೆ ಬರಲಿಲ್ಲ. ಆ ಅಲುಗಾಟದ ಕಡೆಯಿಂದ ಡಾಕ್ಟರರ ಧ್ವನಿ ಬಂದಿದ್ದರಿಂದ, ಅದೇ ಅವರ ಮುಖ ಇರಬೇಕು ಅಂತ ಅವಳು ಊಹೆ ಮಾಡಿದಳು.

"ನೀವ ಅಂತ ಕಾಣ್ತದ್ರಿ," ಅಂದಳು.

ಎಲ್ಲರೂ ಹೋ ಅಂದರು. ಮುರುಗೆಪ್ಪ ಡಾಕ್ಟರರ ಕಾಲು ಹಿಡಿದ. ಕುಬೇರಪ್ಪ ಪೇಢೆ ಹಂಚಿದ. ಆ ಗದ್ದಲದಲ್ಲಿ ಸತ್ಯವ್ವ ಸುಮ್ಮನೆ ಕಣ್ಣು ಮುಚ್ಚಿದ್ದನ್ನು ಯಾರೂ ನೋಡಲಿಲ್ಲ.

ಕಷ್ಟ ಶುರುವಾದದ್ದು ಮನೆಗೆ ಬಂದ ಮೇಲೆ. ಹುಟ್ಟಿದಾಗಿನಿಂದ ಓಡಾಡಿದ ಮನೆಯಲ್ಲಿ ಅವಳು ಕಾಲಿಡಲು ಹೆದರಿದಳು. ಬಾಗಿಲ ಮುಂದೆ ಕಟ್ಟೆಯ ನೆರಳು ಬಿದ್ದಿತ್ತು. ಅದು ತಗ್ಗು ಅಂತ ತಿಳಿದು ಅವಳು ಅಲ್ಲೇ ನಿಂತುಬಿಟ್ಟಳು. ಶಿವಲಿಂಗವ್ವ ನಕ್ಕು, "ನೆರಳ ಅದು, ದಾಟ," ಅಂದಳು. ಸತ್ಯವ್ವ ಬಗ್ಗಿ ಕೈಯಿಂದ ಮುಟ್ಟಿ ನೋಡಿ, ಗಟ್ಟಿ ನೆಲ ಹತ್ತಿದ ಮೇಲೇ ದಾಟಿದಳು. ಮನೆಯ ಬೆಕ್ಕು ಅವಳಿಗೆ ಒಂದು ಸಲ ಬಾಲವಾಗಿ, ಒಂದು ಸಲ ಕಿವಿಯಾಗಿ ಕಾಣುತ್ತಿತ್ತು. ಇಡೀ ಬೆಕ್ಕು ಕಾಣಬೇಕೆಂದರೆ ಎತ್ತಿ ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ಗೂಟಕ್ಕೆ ಹಾಕಿದ ಅಣ್ಣನ ಕೋಟಿಗೆ "ಯಾವಾಗ ಬಂದಿ?" ಅಂತ ಕೇಳಿದಳು. ಅಣ್ಣ ಹಿಂದಿನಿಂದ, "ಇಲ್ಲಿದ್ದೇನಿ ನಾ," ಅಂದ. ಅವನ ಧ್ವನಿಯಲ್ಲಿ ಸಿಟ್ಟು ಇರಲಿಲ್ಲ, ಆದರೆ ಸಿಟ್ಟಿಗೆ ಇನ್ನು ಬಹಳ ದೂರವೂ ಇರಲಿಲ್ಲ.

ಓಣಿಯ ಜನ ಪರೀಕ್ಷೆ ಮಾಡಲು ಬಂದರು. "ನನ್ನ ಕೈಯಾಗ ಏನೈತಿ ಹೇಳ ನೋಡೋಣ?" ಅವರು ಹಿಡಿದದ್ದು ಬದನೆಕಾಯಿಯೋ ತಂಬಿಗೆಯೋ ಅವಳಿಗೆ ತಿಳಿಯುತ್ತಿರಲಿಲ್ಲ. ಮುಟ್ಟಲು ಕೈ ಚಾಚಿದರೆ ಹಿಂದಕ್ಕೆ ಎಳೆದು, "ಮುಟ್ಟಬ್ಯಾಡ, ನೋಡ, ನೋಡಿ ಹೇಳ!" ಅಂತ ಕಿರಿಚುತ್ತಿದ್ದರು. ತನ್ನ ಮೂವತ್ತು ವರ್ಷದ ಬಾಳ್ವೆಯಲ್ಲಿ ಅವಳಿಗೆ ಯಾರೂ ಮುಟ್ಟಬೇಡ ಅಂದಿರಲಿಲ್ಲ. ಹೊತ್ತು ಇಳಿಯುವ ತನಕ ತಲೆ ಸಿಡಿಯುತ್ತಿತ್ತು. ಕುರುಡಿ ಇದ್ದಾಗ, ನೋಡ್ರಿ ಕುರುಡಿ ಎಷ್ಟು ಶಾಣ್ಯಾಕಿ, ಅನ್ನುತ್ತಿದ್ದವರೇ ಈಗ, ಕಣ್ಣಿದ್ದೂ ಎಷ್ಟು ದಡ್ಡಿ, ಅಂದರು.

ಖಾನಾವಳಿಯಲ್ಲಂತೂ ಇನ್ನೂ ಕೆಟ್ಟು ಹೋಯಿತು. ಬಡಿಯುವಾಗ ಅವಳು ರೊಟ್ಟಿಯನ್ನೇ ನೋಡುತ್ತಿದ್ದಳು. ಹಲಗೆಯ ಮೇಲೆ ದುಂಡಗೆ ಇದ್ದದ್ದು ಎತ್ತಿ ಹಿಡಿದರೆ ಸಣ್ಣ ಗೆರೆಯಾಗುತ್ತಿತ್ತು. ಹರಿಯಿತೇನೋ ಅಂತ ಗಾಬರಿಯಾಗಿ ಕೈ ತಡವರಿಸುತ್ತಿತ್ತು, ಆಗ ನಿಜವಾಗಿಯೂ ಹರಿಯುತ್ತಿತ್ತು. ಒಲೆಯ ಉರಿ ಎಲ್ಲಕ್ಕಿಂತ ಚೆಂದ ಕಾಣುತ್ತಿತ್ತು. ಅದು ಎಷ್ಟು ದೂರವಿದೆ ತಿಳಿಯದೆ ಒಂದು ದಿನ ಅದರೊಳಗೇ ಬೆರಳಿಟ್ಟಳು. ರೊಟ್ಟಿ ಒಂದು ಕಡೆ ಹಸಿ, ಒಂದು ಕಡೆ ಕರಿ.

ಕುಬೇರಪ್ಪ ಕೆಲವು ದಿನ ಸುಮ್ಮನಿದ್ದು ಕೊನೆಗೆ ಒಳಗೆ ಬಂದ. "ತಂಗೀ, ಮಂದಿ ಮಾತಾಡಾಕತ್ತಾರ. ನಿನ್ನ ಕಣ್ಣು ಸುಧಾರಸೂತನಕಾ ಮನ್ಯಾಗ ಆರಾಮ ಮಾಡು."

"ನಾ ಕಣ್ಣು ಮುಚ್ಚಿ ಬಡೀತೇನಿ, ಕುಬೇರಪ್ಪಣ್ಣ."

"ಕಣ್ಣು ಬಂದ ಮ್ಯಾಲೆ ಮುಚ್ಚಿ ಬಡದ್ರ ಮಂದಿ ಏನಂದಾರು? ನಿಮ್ಮಣ್ಣಗ ಏನನ್ನಿಸೀತು?"

ಅವಳ ಜಾಗದಲ್ಲಿ ಬೇರೆ ಒಬ್ಬಾಕೆ ಬಂದು ಕುಂತಳು. ಸತ್ಯವ್ವ ಮನೆಯಲ್ಲಿ ಗೋಡೆಗೆ ಆತು ಕುಂತಳು.

ಅದೇ ಹೊತ್ತಿಗೆ ಗಬ್ಬೂರಿನ ಕಡೆಯಿಂದ ಲಕ್ಕಪ್ಪ ಎನ್ನುವ ಒಬ್ಬ ವರ ಬಂದ. ಹೆಂಡತಿ ತೀರಿಕೊಂಡವನು, ನಾಲ್ಕು ಎತ್ತಿನ ಒಕ್ಕಲುತನ. ಕಣ್ಣು ಬಂದ ಹೆಣ್ಣು ಅಂತ ಕೇಳಿ ನೋಡಲು ಬಂದಿದ್ದ, ಜೊತೆಗೆ ತಮ್ಮನೂ ಮಾವನೂ ಇದ್ದರು. ಶಿವಲಿಂಗವ್ವ ಚಹಾದ ಕಪ್ಪುಗಳನ್ನು ತಾಟಿನಲ್ಲಿಟ್ಟು ಅವಳ ಕೈಗೆ ಕೊಟ್ಟು, "ನಡುವ ಕುಂತಾಂವ ವರ. ಮೊದಲ ಅಂವಗ ಕೊಡು," ಅಂತ ಕಿವಿಯಲ್ಲಿ ಹೇಳಿದಳು. ಸತ್ಯವ್ವ ಹೊರಗೆ ಬಂದಳು. ಕಣ್ಣ ಮುಂದೆ ಬಿಳಿ ರುಮಾಲು, ಬಿಳಿ ಗೋಡೆ, ಬಿಳಿ ಧೋತರ, ಎಲ್ಲಾ ಕಲಸಿಹೋಗಿತ್ತು. ಎಷ್ಟು ಮಂದಿ ಕುಂತಿದ್ದಾರೆ ಅನ್ನುವುದೇ ತಿಳಿಯದ ಮೇಲೆ ನಡುವಿನವ ಯಾರು? ಕಡೆಗೆ ರೂಢಿಯಂತೆ ಕಣ್ಣು ಮುಚ್ಚಿದಳು. ಮುಚ್ಚಿದ ಕೂಡಲೇ ಮೂವರ ಉಸಿರು ಬೇರೆ ಬೇರೆಯಾಗಿ ಕೇಳಿತು. ನೆಟ್ಟಗೆ ಹೋಗಿ, ಒಂದು ಹನಿ ಚೆಲ್ಲದೆ, ನಡುವಿನವನ ಮುಂದೆ ತಾಟು ಹಿಡಿದಳು.

ಲಕ್ಕಪ್ಪನ ಮಾವ ಎದ್ದು ನಿಂತ. "ಕಣ್ಣು ಬಂದೈತಿ ಅಂತ ಹೇಳಿದ್ರಿ. ಈಕಿ ಕಣ್ಣು ಮುಚ್ಚಿಕೊಂಡು ಬಂದ್ಲಲ್ರೀ!"

ಅವರು ಹೋದ ಮೇಲೆ ಮುರುಗೆಪ್ಪ ತಾಟನ್ನು ಅಂಗಳಕ್ಕೆ ಎಸೆದ. "ಯಾಕ ಮುಚ್ಚಿದಿ? ಏನ ಕಡಿಮಿ ಮಾಡೇನಿ ನಿನಗ? ಡಾಕ್ಟರು ಕಣ್ಣು ಕೊಟ್ಟಾರ, ನೋಡಾಕ ಏನ ಧಾಡಿ?"

"ಕಾಣತೈತಿ ಅಣ್ಣಾ," ಅಂದಳು ಅವಳು. "ಕಾಣೂದೆಲ್ಲಾ ಕಾಣತೈತಿ. ಆದ್ರ ಏನಂತ ಗೊತ್ತಾಗಂಗಿಲ್ಲ."

"ಕಾಣೂದು ಅಂದ್ರನ ಗೊತ್ತಾಗೂದು!" ಅಂತ ಅವನು ಕೂಗಿದ.

ಮರುದಿನ ಅವನು ಅವಳನ್ನು ದವಾಖಾನೆಗೆ ಎಳಕೊಂಡು ಹೋದ. ಡಾಕ್ಟರು ಮತ್ತೆ ದೀಪ ಹಿಡಿದರು, ಗಾಜು ಬದಲಿಸಿದರು, ಗೋಡೆಯ ಮೇಲಿನ ಕರಿಚುಕ್ಕಿ ತೋರಿಸಿದರು. ಚುಕ್ಕಿ ಎಲ್ಲಿದೆ ಅಂತ ಅವಳು ಸರಿಯಾಗಿ ಬೆರಳು ಮಾಡಿದಳು. ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಹಣೆ ಒತ್ತಿಕೊಂಡರು. "ಕಣ್ಣು ತನ್ನ ಕೆಲಸ ಮಾಡಾಕತ್ತೈತಿ. ಮತ್ತ ಯಾಕ ಹಿಂಗ? ನನಗೂ ತಿಳೀವಲ್ದು. ಧಾರವಾಡದಾಗ ನನ್ನ ದೋಸ್ತ ಒಬ್ಬ ಅದಾನ, ಮನಸ್ಸಿನ ಶಾಸ್ತ್ರ ಕಲಿಸತಾನ. ಅವನ್ನ ಕರಸ್ತೇನಿ."

ಹೀಗೆ ತಮ್ಮಣ್ಣರಾವ ಕಡಕೋಳರು ಅವಳ ಬಾಳಿಗೆ ಬಂದರು. ಧಾರವಾಡದ ಒಂದು ಕಾಲೇಜಿನಲ್ಲಿ ತತ್ವಶಾಸ್ತ್ರದ ಪ್ರೊಫೆಸರ್. ಕಲಕತ್ತೆಯಲ್ಲಿ ಕೆಲ ವರ್ಷ ಇದ್ದು, ಅಲ್ಲಿಯ ಒಬ್ಬ ಚೀನೀ ಪಂಡಿತನಿಂದ ಚೀನೀ ಅಕ್ಷರ ಕಲಿತು ಬಂದವರು. ಧಾರವಾಡದಲ್ಲಿ ಅದನ್ನು ಯಾರ ಮುಂದೆ ಹೇಳುವುದು? ಚೀನಾ ಅಂದರೆ ಊರಿನ ಜನಕ್ಕೆ ರೇಷ್ಮೆ ಗಂಟು ಹೊತ್ತು ಬರುವ ವ್ಯಾಪಾರಿ, ಇಲ್ಲವೇ ಹಲ್ಲು ಕಟ್ಟುವವ. ವಿದ್ಯಾರ್ಥಿಗಳು, ಇದು ಪರೀಕ್ಷೆಗೆ ಬರುತ್ತದೇನ್ರಿ ಸರ್, ಅಂತ ಕೇಳಿ ಪುಸ್ತಕ ಮುಚ್ಚುತ್ತಿದ್ದರು. ರಾಯರು ಒಳಗೊಳಗೇ ಕುದಿಯುತ್ತಿದ್ದ ಮನುಷ್ಯ. ಸತ್ಯವ್ವನ ಸುದ್ದಿ ಕೇಳಿ ಮುಂದಿನ ಗಾಡಿಗೇ ಹುಬ್ಬಳ್ಳಿಗೆ ಬಂದರು.

ಮೇಜಿನ ಮೇಲೆ ಒಂದು ಕಟ್ಟಿಗೆಯ ಚೆಂಡು, ಒಂದು ಕಟ್ಟಿಗೆಯ ಪೆಟ್ಟಿಗೆ ಇಟ್ಟು, "ಮುಟ್ಟಬ್ಯಾಡ್ರಿ. ಚೆಂಡು ಯಾವುದು ಹೇಳ್ರಿ," ಅಂದರು.

ಅವಳಿಗೆ ಎರಡು ಕಂದು ಮಚ್ಚೆಗಳು ಕಂಡವು. ಬೇರೆ ಬೇರೆ ಇವೆ ಅನ್ನುವುದು ತಿಳಿಯಿತು. ಕೈಯಲ್ಲಿ ಉರುಳುವುದು ಯಾವುದು, ಮೂಲೆ ಚುಚ್ಚುವುದು ಯಾವುದು ಅಂತ ಮಾತ್ರ ಆ ಮಚ್ಚೆಗಳು ಹೇಳಲಿಲ್ಲ. "ಗೊತ್ತಾಗಂಗಿಲ್ರಿ," ಅಂದಳು.

ರಾಯರು ಕುಣಿಯುವುದೊಂದು ಬಾಕಿ. "ನೋಡಿದೇನೋ ನಿಜಾಮ! ಕಣ್ಣು ತೆರೆದದ, ಆದ್ರ ವಸ್ತು ಇಲ್ಲ. ವಸ್ತು ಅನ್ನೋದು ಕಣ್ಣಿನಾಗ ಇಲ್ಲ, ಹೊರಗೂ ಇಲ್ಲ, ಮನಸ್ಸಿನಾಗ ಅದ!" ಮತ್ತೆ ಸತ್ಯವ್ವನ ಕಡೆ ತಿರುಗಿ, ಮೆತ್ತಗಾಗಿ, ಹೇಳಿದರು: "ಕೇಳ್ರಿ ಸತ್ಯವ್ವ. ಚೀನಾದಾಗ ನಾನೂರು ವರ್ಷದ ಹಿಂದ ಒಬ್ಬ ಹಿರಿಯ ಇದ್ದ. ದಂಡು ನಡಿಸಿದಾಂವ, ಶಿಷ್ಯರಿಗೆ ಗುರುನೂ ಹೌದು. ಮನಸ್ಸಿನ ಹೊರಗ ಯಾವ ವಸ್ತೂ ಇಲ್ಲ ಅಂತ ಅವನ ಮಾತು. ಒಮ್ಮೆ ಗುಡ್ಡದಾಗ ಹೊಂಟಾಗ ಒಬ್ಬ ಗೆಳೆಯ ಬಂಡೆಗಲ್ಲಿನ ಸಂದಿನಾಗಿನ ಹೂವಿನ ಗಿಡಾ ತೋರಿಸಿ, ಇದು ತಾನಾಗೇ ಅರಳ್ತದ, ತಾನಾಗೇ ಉದರ್ತದ, ಇದಕ್ಕೂ ನನ್ನ ಮನಸ್ಸಿಗೂ ಏನು ಸಂಬಂಧ ಅಂತ ಕೇಳಿದ. ಅದಕ್ಕ ಆ ಹಿರಿಯ ಅಂದ, ನೀ ನೋಡೋಕಿಂತ ಮೊದಲ ಅದೂ ಸುಮ್ಮನಿತ್ತು, ನೀನೂ ಸುಮ್ಮನಿದ್ದಿ. ನೋಡಿದ ಕೂಡಲೆ ಅದರ ಬಣ್ಣ ನಿನ್ನ ಮುಂದ ಬೆಳಗಿತು. ಹಂಗಾದ ಮ್ಯಾಲೆ ಅದು ನಿನ್ನ ಮನಸ್ಸಿನ ಹೊರಗಿಲ್ಲ."

ಸತ್ಯವ್ವ ಅಂದಳು: "ಮಲ್ಲಿಗಿ ನಾ ನೋಡಿದ್ದಿಲ್ರಿ. ಆದ್ರ ವಾಸನಿ ಬರ್ತಿತ್ತು."

"ವಾಸನಿನೂ ಮನಸ್ಸಿನಾಗಿಂದೇ, ತಾಯೀ."

"ಎಲ್ಲಾ ಮನಸ್ಸಿನಾಗಿಂದ ಆದ್ರ, ನನ್ನ ಮನಸ್ಸು ನನ್ನ ಮಾತು ಯಾಕ ಕೇಳವಲ್ದ್ರಿ? ನಾ ಬಾಗಲಾ ಕಾಣಲಿ ಅಂತೇನಿ, ಅದು ಕಾಣಂಗಿಲ್ಲ."

ರಾಯರು ಅದಕ್ಕೆ ಉತ್ತರ ಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ಡಾಕ್ಟರು, "ತತ್ವ ಸಾಕು ಮಾರಾಯಾ," ಅಂತ ನಡುವೆ ಬಂದರು. "ಕಣ್ಣಿನ ಹಿಂದಿನ ಪರದೆ ಮ್ಯಾಲೆ ಬೆಳಕು ತಲಿಕೆಳಗಾಗಿ ಬೀಳತೈತಿ. ಅದನ್ನ ಓದೂದು ಮೆದುಳು ಕೂಸಿನ ವಯಸ್ಸಿನ್ಯಾಗ ಕಲೀತೈತಿ. ಈಕಿ ಕಲೀಲಿಲ್ಲ. ಅಕ್ಷರ ಬರದಾಂವಗ ಕಾಗದ ಕೊಟ್ಟಂಗ ಆತು. ಇದರಾಗ ಚೀನಾ ಯಾಕ ಬೇಕು?" ಇಬ್ಬರೂ ಇಂಗ್ಲಿಷಿಗೆ ಇಳಿದರು. ಸತ್ಯವ್ವ ಮೇಜಿನ ಮೇಲೆ ಮೆಲ್ಲಗೆ ಕೈ ಆಡಿಸಿ ಚೆಂಡನ್ನು ಹಿಡಿದು ಕುಂತಳು.

ಜಗಳ ಅಲ್ಲಿಗೆ ನಿಲ್ಲಲಿಲ್ಲ. ಧಾರವಾಡದಲ್ಲಿ ಒಂದು ಸಭೆ ಸೇರಿಸಿ, ಜನರ ಮುಂದೆಯೇ ಇಬ್ಬರೂ ಮಾತಾಡುವುದು ಅಂತ ಠರಾವಾಯಿತು. ಸತ್ಯವ್ವ ಬರಬೇಕು. ಮುರುಗೆಪ್ಪನಿಗೆ ಹೆಮ್ಮೆಯೂ ಆಯಿತು, ದೊಡ್ಡವರು ಸೇರಿದರೆ ಏನಾದರೂ ದಾರಿ ಹೊಳೆದೀತು ಅನ್ನುವ ಆಸೆಯೂ ಹುಟ್ಟಿತು. ಗಾಡಿಯಲ್ಲಿ ಕಿಟಕಿಯ ಹೊರಗೆ ಹಸಿರು, ಕೆಂಪು, ಬಿಳಿ ಎಲ್ಲ ಒಂದರ ಮೇಲೊಂದು ಉರುಳಿ ಬಂದವು. ನವಲೂರು ದಾಟುವ ಹೊತ್ತಿಗೆ ಸೆರಗನ್ನು ಮುಖದ ತುಂಬ ಎಳಕೊಂಡಳು.

ಸಭೆಯಲ್ಲಿ ಜನ ತುಂಬಿದ್ದರು. ಅವಳನ್ನು ಕಟ್ಟೆಯಂಥ ಎತ್ತರದ ವೇದಿಕೆಯ ಮೇಲೆ ನಿಲ್ಲಿಸಿದರು. ಚೆಂಡು ತೋರಿಸಿದರು, ಪೆಟ್ಟಿಗೆ ತೋರಿಸಿದರು, ಯಾರದೋ ಟೊಪ್ಪಿಗೆ ತೋರಿಸಿದರು. ಅವಳು ತಪ್ಪು ಹೇಳಿದಾಗಲೆಲ್ಲ ಹಿಂದಿನ ಸಾಲಿನಿಂದ ನಗೆ ಬಂತು. ಡಾಕ್ಟರು ಹಲಗೆಯ ಮೇಲೆ ಕಣ್ಣಿನ ಚಿತ್ರ ಬರೆದು ಮಾತಾಡಿದರು. ರಾಯರು ಎದ್ದು, ಈ ಮಾತು ಮೂಲದಲ್ಲಿ ನಮ್ಮ ದೇಶದ ಬೌದ್ಧ ಭಿಕ್ಷುಗಳಿಂದಲೇ ಚೀನಾಕ್ಕೆ ಹೋದದ್ದು, ಅಲ್ಲಿಯ ಮಣ್ಣಿನಲ್ಲಿ ಬೇರೆಯೇ ಬೆಳೆ ಬಂತು, ಅಂತ ಶುರು ಮಾಡಿ ಬಹಳ ದೂರ ಹೋದರು. ಡಾಕ್ಟರು ನಡುವೆ ಬಾಯಿ ಹಾಕಿದರು. ರಾಯರು ಮೇಜು ಬಡಿದರು. ಸತ್ಯವ್ವ ಎರಡು ಸಲ, "ನಾ ಕುಂಡರ್ಲೇನ್ರಿ?" ಅಂತ ಕೇಳಿದಳು. ಯಾರಿಗೂ ಕೇಳಲಿಲ್ಲ.

ಕೊನೆಗೆ ತಾನೇ ಇಳಿದು ಹೋಗಿ ಅಣ್ಣನ ಹತ್ತಿರ ಕುಂತರಾಯಿತು ಅಂತ ಹೊರಟಳು. ಮುಂದೆ ನೆಲದ ಮೇಲೆ ಒಂದು ಕಪ್ಪು ಪಟ್ಟಿ ಕಂಡಿತು. ನೆರಳು ಕಂಡು ನಿಂತದ್ದಕ್ಕೆ ಮನೆಯಲ್ಲಿ ಎಷ್ಟು ನಕ್ಕಿದ್ದರು! ಈ ಸಲ ಹೆದರುವುದಿಲ್ಲ ಅಂತ ದಿಟ್ಟವಾಗಿ ಕಾಲಿಟ್ಟಳು. ಅದು ನೆರಳಾಗಿರಲಿಲ್ಲ, ವೇದಿಕೆಯ ಅಂಚು.

ಬಿದ್ದ ಸಪ್ಪಳಕ್ಕೆ ಇಬ್ಬರ ವಾದವೂ ನಿಂತಿತು. ಡಾಕ್ಟರು ಓಡಿ ಬಂದು ಕಾಲು ಹಿಡಿದು ನೋಡಿದರು. ಎಲುಬು ಮುರಿದಿರಲಿಲ್ಲ, ಪಾದದ ಕೀಲು ಉಳುಕಿ ಆಗಲೇ ಬಾತುಕೊಂಡಿತ್ತು. ಸತ್ಯವ್ವ ನೋವಿಗೆ ಅಳಲಿಲ್ಲ. ಚಾಳೀಸು ಕಿತ್ತು ಕೈಯಲ್ಲಿ ಹಿಡಿದು ಕೂಗಿದಳು:

"ಹೆದರಿ ನಿಂತ್ರ ನಗತೀರಿ, ಹೆದರ್ದ ನಡದ್ರ ಬೀಳತೇನಿ! ಕಣ್ಣಾಗ ಐತಿ ಅಂತೀರಿ ಒಬ್ರು, ಮನಸ್ಸಿನ್ಯಾಗ ಐತಿ ಅಂತೀರಿ ಒಬ್ರು. ನನ್ನ ಒಲಿ ಮುಂದ ನನಗ ಎಲ್ಲಾ ಇತ್ತು. ಅದನ್ನ ಯಾರ ತಗೊಂಡ್ರಿ?"

ಮುರುಗೆಪ್ಪ ತಂಗಿಯನ್ನು ಎತ್ತಿಕೊಂಡು ಟಾಂಗಾದಲ್ಲಿ ಕೂಡಿಸಿದ. ಸ್ಟೇಷನ್ನಿನಲ್ಲಿ ಹುಬ್ಬಳ್ಳಿಯ ಗಾಡಿ ಹತ್ತಿದರು.

ಮುಂದಿನ ವಾರ ತಮ್ಮಣ್ಣರಾಯರು ಒಬ್ಬರೇ ಬಂದರು. ಮುರುಗೆಪ್ಪ ಕೆಲಸಕ್ಕೆ ಹೋಗಿದ್ದ. ಶಿವಲಿಂಗವ್ವ ಚಾಪೆ ಹಾಸಿದಳು, ಆದರೆ ಚಹಾ ಕೊಡಲಿಲ್ಲ. ರಾಯರು ತಪ್ಪಾಯಿತು ಅನ್ನಲು ಬಂದವರು. ಹೇಗೆ ಅನ್ನಬೇಕು ತಿಳಿಯದೆ ಮತ್ತೆ ಚೀನಾದ ಮಾತಿಗೇ ಹೋದರು. ಅವರಿಗೆ ಬರುತ್ತಿದ್ದದ್ದೇ ಅದು.

"ಆ ಹಿರಿಯ ಅಂದೆನಲ್ಲ, ಸತ್ಯವ್ವ, ಅಂವ ಪ್ರಾಯದಾಗ ಒಂದು ಬಿದಿರಿನ ಮೆಳೆ ಮುಂದ ಕೂತಿದ್ದ. ನೋಡಿದ್ರ ತಿಳೀತದ ಅಂತ ದೊಡ್ಡವರು ಹೇಳಿದ್ರು. ಹಗಲೂ ರಾತ್ರಿ ಕಣ್ಣು ಕೀಲಿಸಿ ನೋಡಿದ. ಏನೂ ತಿಳೀಲಿಲ್ಲ. ಕಡೀಕೆ ಜಡ್ಡು ಬಿದ್ದ."

ಸತ್ಯವ್ವ ಕಾಲಿಗೆ ಅರಿಶಿನ ಹಚ್ಚಿಕೊಳ್ಳುತ್ತ ಕುಂತಿದ್ದಳು. ಅವಳ ಕೈ ನಿಂತಿತು. "ಖರೇನ್ರಿ? ನೋಡಿ ನೋಡಿ ಜಡ್ಡು ಬಿದ್ದಾ?"

"ಖರೇ. ಎಷ್ಟೋ ವರ್ಷ ಆದ ಮ್ಯಾಲೆ ಅವಗ ಹೊಳೀತು: ತಿಳಿಯೋದು ಬ್ಯಾರೆ, ಮಾಡೋದು ಬ್ಯಾರೆ ಅಲ್ಲ. ಮಾಡದ ತನಕ ತಿಳಿದಂಗಲ್ಲ."

"ಇದನ್ನ ಮೊದಲ ಹೇಳಬಾರದೇನ್ರಿ? ಹೂವಿಂದು ಹೇಳಿ ನನ್ನ ತಲಿ ಕೆಡಿಸಿದ್ರಿ." ಅವಳು ನಕ್ಕಳು. ದವಾಖಾನೆಯಿಂದ ಬಂದ ಮೇಲೆ ಆಕೆ ನಕ್ಕದ್ದು ಅದೇ ಮೊದಲು, ಅಂತ ಶಿವಲಿಂಗವ್ವ ಆಮೇಲೆ ಗಂಡನಿಗೆ ಹೇಳಿದಳು. ರಾಯರಿಗೆ ಚಹಾ ಬಂತು.

ಕಾಲು ವಾಸಿಯಾಗುವ ತನಕ ಸತ್ಯವ್ವ ಮನೆಯಲ್ಲೇ ತನ್ನದೊಂದು ಶಾಲೆ ಮಾಡಿಕೊಂಡಳು. ಒಂದು ತಂಬಿಗೆ ತಗೊಂಡು, ಕಣ್ಣು ಮುಚ್ಚಿ ಕೈಯಾಡಿಸುವುದು, ತೆರೆದು ನೋಡುವುದು, ಮತ್ತೆ ಮುಚ್ಚುವುದು. ಕೈ ಹೇಳಿದ್ದನ್ನು ಕಣ್ಣಿಗೆ ಹೇಳಿಕೊಡುವ ಕೆಲಸ. ತಂಬಿಗೆಯ ಗುರುತು ಹತ್ತಿತು. ಅದನ್ನೇ ಬೋರಲು ಹಾಕಿದರೆ ಮತ್ತೆ ಗುರುತು ಸಿಗಲಿಲ್ಲ. ಸಿಟ್ಟಿಗೆ ಗೋಡೆಗೆ ಒಗೆದಳು. ತಂಬಿಗೆಗೆ ತಗ್ಗು ಬಿತ್ತು, ಆಮೇಲೆ ಆ ತಗ್ಗಿನಿಂದಲೇ ಅದರ ಗುರುತು ಹತ್ತಿತು. ಶಿವಲಿಂಗವ್ವ ಮೊದಮೊದಲು ಇದೆಲ್ಲ ನಾಟಕ ಅಂದವಳು, ಈಗ ಎದುರು ಕುಂತು ತನ್ನ ಮುಖ ಕೊಟ್ಟಳು. ಸತ್ಯವ್ವ ಅತ್ತಿಗೆಯ ಹಣೆ, ಮೂಗು, ಗದ್ದ ಮುಟ್ಟಿ ಮುಟ್ಟಿ ನೋಡಿ ಕಲಿತಳು. ಅಣ್ಣನ ಮುಖವನ್ನೂ ಹಾಗೇ ಕಲಿತಳು. ಆದರೆ ಅವನು ವರ್ಕ್‌ಶಾಪಿನಿಂದ ಮಸಿ ಬಳಿದುಕೊಂಡು ಬಂದ ದಿನ, "ಯಾರ್ರಿ, ಅಣ್ಣ ಮನ್ಯಾಗಿಲ್ಲ," ಅಂದುಬಿಟ್ಟಳು. ಮುರುಗೆಪ್ಪ ಆ ಹೊತ್ತು ಉಣ್ಣಲಿಲ್ಲ.

ಕಾಲು ನೆಟ್ಟಗಾದ ಮೇಲೆ ಅವಳು ಯಾರನ್ನೂ ಕೇಳದೆ ಖಾನಾವಳಿಗೆ ಹೋದಳು. ಸೊಂಟದಿಂದ ಒಂದು ಕರಿ ಅರಿವೆ ತೆಗೆದು ಕಣ್ಣಿಗೆ ಕಟ್ಟಿಕೊಂಡಳು. ಬಡಿಯುತ್ತಿದ್ದ ಆ ಇನ್ನೊಬ್ಬಾಕೆಗೆ, "ಸರಿ ಯವ್ವಾ, ಹಿಟ್ಟು ನಾನ ನಾದತೇನಿ," ಅಂತ ಕುಂತಳು. ಕುಬೇರಪ್ಪ ಬಾಗಿಲಲ್ಲಿ ನಿಂತು ಏನೋ ಅನ್ನಲು ಹೋದ. ಒಳಗಿನಿಂದ ಬರುವ ಸಪ್ಪಳ ಕೇಳಿ ಒಬ್ಬ ಮುದುಕ ಗಿರಾಕಿ, "ಬಂದ್ಲೇನು?" ಅಂದ. ಕುಬೇರಪ್ಪ ಹಾಗೇ ಹೋಗಿ ಗಲ್ಲೆಯ ಮೇಲೆ ಕುಂತ.

ಅಷ್ಟರಲ್ಲಿ ವರ್ಷ ತುಂಬಿತ್ತು. ಎಡಗಣ್ಣಿನ ಆಪರೇಷನ್ನಿಗೆ ಡಾಕ್ಟರು ಹೇಳಿ ಕಳಿಸಿದರು. ಧಾರವಾಡದಿಂದ ರಾಯರೂ ಬಂದಿದ್ದರು. ಇಬ್ಬರ ನಡುವೆ ಅಷ್ಟು ಹೊತ್ತಿಗೆ ರಾಜಿಯಾಗಿತ್ತು. ಸತ್ಯವ್ವನ ಎಡಗಣ್ಣು ತೆರೆಯಬೇಕು ಅನ್ನುವುದರಲ್ಲಂತೂ ಇಬ್ಬರದೂ ಒಂದೇ ಮಾತು.

"ಒಂದ ಕಣ್ಣಿನಿಂದ ದೂರ ಹತ್ತಿರ ಸರಿಯಾಗಿ ತಿಳಿಯಂಗಿಲ್ಲ," ಅಂದರು ಡಾಕ್ಟರು. "ಎರಡೂ ಕೂಡಿದ್ರ ತಿಳೀತೈತಿ."

"ಈ ಸಲ ಮೊದಲನೇ ದಿನದಿಂದ ನಾ ಜೋಡಿಗೆ ಇರ್ತೀನಿ," ಅಂದರು ರಾಯರು. "ಪ್ರತಿಯೊಂದೂ ಕೇಳಿ ಬರಕೋತೀನಿ."

"ನಡೀ, ಹೇಳಿದಂಗ ಕೇಳು," ಅಂದ ಮುರುಗೆಪ್ಪ.

ಸತ್ಯವ್ವ ಬೆಂಚಿನ ಮೇಲೆ ಕುಂತಿದ್ದಳು. "ಬ್ಯಾಡ್ರಿ," ಅಂದಳು.

ಡಾಕ್ಟರು ತಿಳಿಸಿ ಹೇಳಿದರು. ಅವಳು ಕೇಳಿದಳು, ಮತ್ತೆ ಬ್ಯಾಡ ಅಂದಳು. ಡಾಕ್ಟರರ ಧ್ವನಿ ಏರಿತು. "ಬೆಳಕು ಬ್ಯಾಡ ಅನ್ನಾಕಿನ್ನ ನಾ ನೋಡೇ ಇಲ್ಲ! ಮಂದಿ ಮೈಲಿಗಟ್ಟಲೆ ನಡಕೊಂಡು ಬರತಾರ ನನ್ನ ಕಡೆ. ಏನ ಕಾರಣ? ಹೆದರಿಕಿ?"

"ಹೆದರಿಕಿ ಇಲ್ರಿ, ಡಾಕ್ಟರಸಾಹೇಬ್ರ. ನೀವು ಒಂದು ಕಣ್ಣು ಕೊಟ್ರಿ, ಅದರ ಕೂಡ ಬಾಳ್ವೆ ಮಾಡೂದು ಈಗ ಸ್ವಲ್ಪ ರೂಢಿ ಆಗೈತಿ. ಇನ್ನೊಂದು ತಗದ್ರ ಮತ್ತ ಎಲ್ಲಾ ಕದಡತೈತಿ. ತಂಬಿಗಿಯಿಂದ ಶುರು ಮಾಡಬೇಕು. ನನಗ ಆಗಂಗಿಲ್ಲ. ಇಷ್ಟ ಸಾಕು."

"ಕದಡೂದಿಲ್ಲ, ಸುಧಾರಸ್ತದ," ಅಂದರು ರಾಯರು.

"ಅದು ನಿಮಗ ಗೊತ್ತೈತೇನ್ರಿ?"

ರಾಯರು ಡಾಕ್ಟರರ ಕಡೆ ನೋಡಿದರು. ಡಾಕ್ಟರು ಕಿಟಕಿಯ ಕಡೆ ನೋಡಿದರು.

ಮುರುಗೆಪ್ಪ ಅವಳ ರಟ್ಟೆ ಹಿಡಿದು ಅಲುಗಿಸಿದ. "ನಾ ಸತ್ತ ಮ್ಯಾಲೆ ಯಾರು ನೋಡ್ತಾರ ನಿನ್ನ? ಅದಕ್ಕರೆ ಮಾಡಿಸ್ಕೋ!" ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಏಳಲೂ ಇಲ್ಲ. ಬಾಗಿಲ ಹತ್ತಿರ ನಿಂತ ಶಿವಲಿಂಗವ್ವ ಒಳಗೆ ಬಂದು ಗಂಡನ ಕೈ ತೆಗೆದಳು. "ಆಕಿ ಕಣ್ಣು ಅದು, ನಿಮ್ಮದಲ್ಲ. ನಡೀರಿ ಮನಿಗೆ." ಅವಳು ಗಂಡನಿಗೆ ಹತ್ತು ಮಂದಿಯ ಮುಂದೆ ಎದುರು ಮಾತಾಡಿದ್ದು ಅದೇ ಮೊದಲು.

ಮುರುಗೆಪ್ಪ ಎಷ್ಟೋ ದಿನ ತಂಗಿಯ ಕೂಡ ಮಾತು ಬಿಟ್ಟ. ಮಾತಾಡಿದ ಮೇಲೂ ಕಣ್ಣಿನ ಮಾತು ತೆಗೆಯಲಿಲ್ಲ. ಅವನಿಗೆ ಅದೊಂದು ಅರ್ಧಕ್ಕೆ ಬಿಟ್ಟ ಕೆಲಸವಾಗಿ ಒಳಗೆ ಕೊರೆಯುತ್ತಲೇ ಇತ್ತು. ಡಾಕ್ಟರಿಗೆ ಮರುವರ್ಷ ಬೇರೆ ಊರಿಗೆ ಬದಲಿಯಾಯಿತು. ಹೋಗುವಾಗ, ಸತ್ಯವ್ವಗೆ ಮನಸ್ಸು ಬದಲಾದರೆ ತಿಳಿಸಬೇಕು, ಅಂತ ಕುಬೇರಪ್ಪನ ಕೈಯಲ್ಲಿ ಹೇಳಿ ಹೋದರು.

ಸತ್ಯವ್ವ ಮಧ್ಯಾಹ್ನದ ಪಂಕ್ತಿ ಮುಗಿಯುವ ತನಕ ಕರಿ ಅರಿವೆ ಕಟ್ಟಿಕೊಂಡೇ ಇರುತ್ತಿದ್ದಳು. ಆಮೇಲೆ ಅದನ್ನು ಬಿಚ್ಚಿ, ಚಾಳೀಸು ಹಾಕಿಕೊಂಡು ಖಾನಾವಳಿಯ ಮೆಟ್ಟಿಲ ಮೇಲೆ ಕೂಡುತ್ತಿದ್ದಳು. ಓಣಿಯಲ್ಲಿ ಹೋಗುವುದನ್ನೆಲ್ಲ ನೋಡುವಳು. ಎತ್ತಿನ ಗಾಡಿ ತಿಳಿಯುತ್ತಿತ್ತು. ಸೈಕಲ್ಲು ಅಡ್ಡಲಾಗಿ ಹೋದರೆ ತಿಳಿಯುತ್ತಿತ್ತು, ಎದುರಿಗೆ ಬಂದರೆ ಇಲ್ಲ. ಕೆಂಪು ಸೀರೆ ಕಂಡರೆ ಖುಷಿಯಾಗುತ್ತಿತ್ತು, ಉಟ್ಟವಳು ಯಾರು ಅಂತ ಅವಳು ಮಾತಾಡಿದ ಮೇಲೇ ತಿಳಿಯುವುದು. ಒಂದೊಂದು ದಿನ ಬಹಳ ಹೊತ್ತು ನೋಡುತ್ತಿದ್ದಳು. ಒಂದೊಂದು ದಿನ ಬೇಸರ ಬಂದು ಚಾಳೀಸು ತೆಗೆದು ಉಡಿಯಲ್ಲಿ ಹಾಕಿಕೊಳ್ಳುತ್ತಿದ್ದಳು.

ನಲವತ್ತಮೂರರ ಸುಮಾರಿಗೆ, ಜೋಳಕ್ಕೆ ರೇಷನ್ ಬಂದು ಖಾನಾವಳಿಯಲ್ಲಿ ತಲೆಗೆ ಇಷ್ಟೇ ರೊಟ್ಟಿ ಅಂತಾದ ದಿನಗಳಲ್ಲಿ, ತಮ್ಮಣ್ಣರಾಯರು ಒಮ್ಮೆ ಹುಬ್ಬಳ್ಳಿಗೆ ಬಂದರು. ಅವಳು ಮೆಟ್ಟಿಲ ಮೇಲೆ ಕುಂತದ್ದನ್ನು ಕಂಡು, ಮಾತಾಡದೆ ಎದುರಿಗೆ ಬಂದು ನಿಂತರು. ಗುರುತು ಹಿಡಿಯುವಳೋ ನೋಡೋಣ ಅನ್ನುವ ಆಸೆ. ಅವಳು ಚಾಳೀಸು ಸರಿ ಮಾಡಿಕೊಂಡು ನೋಡಿದಳು. ಕರಿ ಕೋಟು, ಬಿಳಿ ಧೋತರ, ಕೈಯಲ್ಲಿ ಉದ್ದಕ್ಕೆ ಏನೋ ಒಂದು. ಹುಬ್ಬು ಗಂಟಿಕ್ಕಿ ಮತ್ತೆ ನೋಡಿದಳು.

"ಪೋಸ್ಟಿನ ಮುನಶಿಯವರೇನ್ರಿ?"

"ಅಲ್ಲ, ಸತ್ಯವ್ವ. ನಾನು ತಮ್ಮಣ್ಣ."

ಅವಳ ಮುಖ ಕೆಂಪಾಯಿತು. "ಇನ್ನೂ ಪರೀಕ್ಷಾ ಮಾಡತೀರೇನ್ರಿ ರಾಯರ? ಇಷ್ಟು ವರ್ಷ ಆತು. ಬಂದಾವ್ರು ಬಂದೇನಿ ಅನಬಾರದೇನು?"

ರಾಯರು ಛತ್ರಿಯನ್ನು ಗೋಡೆಗೆ ಆನಿಸಿ ಅವಳ ಪಕ್ಕದ ಮೆಟ್ಟಿಲ ಮೇಲೆ ಕುಂತರು. ತಾವು ಚೀನೀ ತತ್ವದ ಮೇಲೆ ಬರೆದದ್ದು ಮುಗಿಯಲಿಲ್ಲ ಅಂದರು. ಕಾಲೇಜಿನಲ್ಲಿ ಆ ವಿಷಯವನ್ನೇ ತೆಗೆದುಹಾಕಿದ್ದಾರೆ ಅಂದರು. ಕಲಕತ್ತೆಯ ಆ ಪಂಡಿತನಿಂದ ಯುದ್ಧ ಶುರುವಾದ ಮೇಲೆ ಸುದ್ದಿಯೇ ಇಲ್ಲ ಅಂದರು. ಸತ್ಯವ್ವ ಅವರ ಮಾತು ಮುಗಿಯುವ ತನಕ ಕೇಳಿದಳು. ಅವರ ಧ್ವನಿ ಮೊದಲಿಗಿಂತ ತೆಳ್ಳಗಾಗಿತ್ತು. ಅದು ಅವಳಿಗೆ ತಿಳಿಯಲು ಕಣ್ಣು ಬೇಕಾಗಿರಲಿಲ್ಲ.

"ಉಂಡಿರೇನ್ರಿ?" ಅಂತ ಕೇಳಿದಳು.

"ಇಲ್ಲ."

"ಹಂಗಾದ್ರ ಒಳಗ ನಡೀರಿ. ಮಜ್ಜಿಗ್ಯಾಗ ಇವತ್ತ ನೀರ ಹೆಚ್ಚ ಐತಿ, ಮೊದಲ ಹೇಳತೇನಿ," ಅಂದು ಅವಳು ಚಾಳೀಸು ತೆಗೆದು, ಕಣ್ಣು ಮುಚ್ಚಿ, ಗೋಡೆಗೆ ಒಂದು ಕೈ ತಾಗಿಸಿಕೊಂಡು, ಅವರ ಮುಂದೆ ಒಳಗೆ ಹೋದಳು.